ಹಳ್ಳದ ಮಣ್ಣಿನ ಬಣ್ಣ ನಿಲ್ಲುತ್ತಿಲ್ಲ: ಹಸೆ ಚಿತ್ತಾರ, ಭೂಮಣ್ಣಿ ಬುಟ್ಟಿ, ನೀರ ಮೇಲಿನ ಎಲೆ ಕೆಲಸ

#1 ಹಳ್ಳದಂಚು

ಅಕ್ಟೋಬರಿನ ಹೊತ್ತಿಗೆ ಬರೋ ಭೂಮಿ ಹುಣ್ಣಿಮೆ ಹಬ್ಬಕ್ಕೆ 12 ಭೂಮಣ್ಣಿ ಬುಟ್ಟಿ (ಭೂಮಿಗೆ ಎಡೆ ಒಯ್ಯೋ, ಮಣ್ಣು ಬಳಿದು ಚಿತ್ತಾರ ಬರೆದ ಬಿದಿರು ಬುಟ್ಟಿ), ಜೊತೆಗೆ 6 ಅಡಿ ಅಗಲ 4 ಅಡಿ ಎತ್ತರದ ಒಂದು ಮಣ್ಣಿನ ಗೋಡೆಗೆ ಹಸೆ ಚಿತ್ತಾರ (ಕೆಮ್ಮಣ್ಣಿನ ಮೇಲೆ ಅಕ್ಕಿ ಬಿಳಿಯಲ್ಲಿ ಎಳೆಯೋ ಗೆರೆ ಚಿತ್ರ) ಆಗಬೇಕು. ಜಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಜಂಬಿಟ್ಟಿಗೆ ನೆಲ, ತೋಟದ ಕೆಳಗೇ ಹಳ್ಳ. ಅಂಗಡಿ ಬಣ್ಣ, ಫೆವಿಕಾಲ್ ಎರಡೂ ಬೇಡ ಅನ್ನೋದು ಷರತ್ತು.

ಮಾದರಿಗೆ ಒಂದು ಬುಟ್ಟಿ, ಒಂದು ತುಂಡು ಗೋಡೆ ಬಳಿದು ನೋಡಿದ್ದಾಗಿದೆ. ದಂಡೆ ಕುಸಿದಲ್ಲಿಯ ಕೆಂಪು ಮಣ್ಣನ್ನು ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿ ಹಿಡಿದು, ನೀರಲ್ಲಿ ಕಲಸಿ ಬಟ್ಟೆಯಲ್ಲಿ ಬಳಿದದ್ದು. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ. ಆದದ್ದು ಹೀಗೆ: ಒಣಗಿದ ಕೆಂಪು ಮುಟ್ಟಿದರೆ ಕೈಗೆ ಮೆತ್ತುತ್ತೆ. ಬುಟ್ಟಿ ಮೇಲೆ ಬಿರುಕು. ಬಿಳಿ ಗೆರೆ ಒಮ್ಮೆ ಎಳೆದರೆ ಕಾಣಲ್ಲ, ಎರಡು ಸಲ ಎಳೆದರೆ ಹಕ್ಕಳೆ ಎದ್ದು ಉದುರುತ್ತೆ.

ಎಲ್ಲಿ ತಪ್ಪಿದೆ? ಇನ್ನೊಂದು, ಅದೇ ದಿನ ಮಕ್ಕಳಿಂದ ಹಳ್ಳದಲ್ಲೇ ಎಲೆ, ಕಡ್ಡಿ, ಮಣ್ಣಿನ ಕೆಲಸ ಮಾಡಿಸೋ ಯೋಚನೆ ಇದೆ. ಗೊತ್ತಿದ್ದವರು ಅದಕ್ಕೂ ಹೇಳಿ.

#2 ಬಗ್ಗಡ_ತಿಳಿ

ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಮಣ್ಣಿನದ್ದನ್ನು ನಾನು ಹೇಳ್ತೇನೆ, ಅಂಟಿನದ್ದನ್ನು ಬೇರೆಯವರು ಹೇಳಲಿ.

ಜರಡಿ ಬಿಟ್ಟುಬಿಡಿ. ಹಿಟ್ಟಿನ ಜರಡಿಯ ಕಣ್ಣು ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ಇಳಿದದ್ದರಲ್ಲಿ ಹೆಚ್ಚಿನ ಪಾಲು ಸಣ್ಣ ಮರಳೇ. ಮರಳಿಗೆ ಹಿಡಿತ ಇಲ್ಲ, ಬಣ್ಣವೂ ಕಡಿಮೆ, ಕೈಗೆ ಬರೋದು ಅದೇ. ಬಣ್ಣ ಕಟ್ಟೋ ಕಣ ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಅದನ್ನು ಬೇರ್ಪಡಿಸೋಕೆ ಜರಡಿ ಸಾಲದು, ನೀರೇ ಆಗಬೇಕು.

ಮೂರು ಬಕೆಟ್ ಇಟ್ಟುಕೊಳ್ಳಿ. 2 ಕೆ.ಜಿ. ಮಣ್ಣನ್ನು ಬೇರು, ಹರಳು ತೆಗೆದು 8–10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಕೈ ಹಾಕಿ ಹೆಂಟೆ ಉಳಿಯದ ಹಾಗೆ ಹಿಸುಕಿ, ಚೆನ್ನಾಗಿ ಕಲಕಿ, 30 ಸೆಕೆಂಡ್ ಬಿಟ್ಟು ಮೇಲಿನ ಬಗ್ಗಡವನ್ನು ಎರಡನೇ ಬಕೆಟ್ಟಿಗೆ ಬಗ್ಗಿಸಿ. ತಳದಲ್ಲಿ ಉಳಿದ ಮರಳನ್ನು ಎಸೀಬೇಡಿ, ಬುಟ್ಟಿ ಗಾರೆಗೆ ಬೇಕಾಗುತ್ತೆ.

ಎರಡನೇ ಬಕೆಟ್ಟಿನಲ್ಲಿ ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗೆ ಒಂದು ಗುರುತು ಹಾಕಿ. ಮತ್ತೆ ಕಲಕಿ 5 ನಿಮಿಷ ಸುಮ್ಮನೆ ಬಿಡಿ. ಅಷ್ಟು ಹೊತ್ತಿಗೆ 0.02 ಮಿ.ಮೀ.ಗಿಂತ ದಪ್ಪ ಇರೋದೆಲ್ಲ ಆ ಗುರುತಿನಿಂದ ಕೆಳಗೆ ಇಳಿದಿರುತ್ತೆ. ಈಗ ಬಗ್ಗಿಸಬೇಡಿ. ಬಗ್ಗಿಸಿದರೆ ತಳದ ಗಸಿ ಎದ್ದು ಮಾಡಿದ ಕೆಲಸ ಹಾಳು. ಸಣ್ಣ ಪೈಪ್ ಹಾಕಿ ಗುರುತಿನ ಮೇಲಿನ ನೀರನ್ನು ಮಾತ್ರ ಮೂರನೇ ಬಕೆಟ್ಟಿಗೆ ಇಳಿಸಿ. ಗುರುತಿನ ಕೆಳಗೆ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಇದನ್ನೇ ಇನ್ನೂ ಎರಡು ಸಲ ಮಾಡಿದರೆ ಒಳ್ಳೆ ಮಾಲು ಪೂರ್ತಿ ಬರುತ್ತೆ.

ಮೂರನೆಯದು ಒಂದು ದಿನ ಅಲುಗದ ಹಾಗೆ ಇರಲಿ. ಮೇಲಿನ ತಿಳಿ ಚೆಲ್ಲಿ, ಗಸಿಯನ್ನು ಬಟ್ಟೆ ಹಾಸಿದ ಮಣ್ಣಿನ ಪಾತ್ರೆಗೆ ಸುರಿಯಿರಿ. ಸುಡುಮಣ್ಣು ನೀರು ಹೀರಿಕೊಳ್ಳುತ್ತೆ, ಸ್ಟೀಲ್ ಪಾತ್ರೆಯಲ್ಲಿ ದಿನಗಟ್ಟಲೆ ಕಾಯಬೇಕು. ಬೆರಳ ನಡುವೆ ಬೆಣ್ಣೆ ಹಾಗೆ ಜಾರಬೇಕು. ಎರಡು ಗಾಜಿನ ಚೂರಿನ ನಡುವೆ ತಿಕ್ಕಿದಾಗ ಕಿರ್ ಅಂದರೆ ಇನ್ನೂ ಮರಳಿದೆ ಅಂತ ಅರ್ಥ.

ಎರಡು ದಿನವಾದರೂ ನೀರು ತಿಳಿಯಾಗದಿದ್ದರೆ 10 ಲೀಟರಿಗೆ ಒಂದು ಚಮಚ ಉಪ್ಪು ಹಾಕಿ. ಕಣಗಳು ಒಂದಕ್ಕೊಂದು ಕೂಡಿಕೊಂಡು ಬೇಗ ಕೂರುತ್ತವೆ. ಆದರೆ ಆಮೇಲೆ ಒಮ್ಮೆ ಸಿಹಿ ನೀರಲ್ಲಿ ತೊಳೆದು ಮತ್ತೆ ಕೂರಿಸಲೇಬೇಕು. ಇಲ್ಲದಿದ್ದರೆ ಗೋಡೆ ಒಣಗಿದ ಮೇಲೆ ಉಪ್ಪು ಬಿಳಿ ಬೂಷ್ಟಿನ ಹಾಗೆ ಮೇಲೆದ್ದು ಬರುತ್ತೆ.

#3 ಬಗ್ಗಡ_ತಿಳಿ

ಒಂದು ಬಿಟ್ಟೆ. ಇಷ್ಟೆಲ್ಲ ಮಾಡೋ ಮೊದಲು ಹಳ್ಳವನ್ನೊಮ್ಮೆ ನೋಡಿಕೊಂಡು ಬನ್ನಿ. ಮಳೆಗಾಲದ ನೆರೆ ಇಳಿದ ಮೇಲೆ ಬಂಡೆ ಗುಳಿಯಲ್ಲಿ, ಒಳತಿರುವಿನ ದಂಡೆಯಲ್ಲಿ ನೀರು ನಿಂತು ಆರಿದ ಕಡೆ ಮಣ್ಣು ಹಪ್ಪಳದ ಚೂರಿನ ಹಾಗೆ ಸುರುಳಿ ಎದ್ದಿರುತ್ತೆ. ದಪ್ಪ ಕಣ ಮೊದಲು ಕೂತು, ತೀರಾ ನುಣ್ಣನೆಯದು ಕೊನೆಗೆ ಕೂತು, ಮೇಲಿನ ಪದರ ಹೆಚ್ಚು ಕುಗ್ಗಿ ಸುರುಳಿಯಾದದ್ದು ಅದು. ಅಂದರೆ ಮೂರು ಬಕೆಟ್ಟಿನ ಕೆಲಸ ಹಳ್ಳವೇ ಮಾಡಿಟ್ಟಿದೆ. ಚೂರನ್ನು ಮೆಲ್ಲಗೆ ಎತ್ತಿ, ಬೆನ್ನಿಗೆ ಅಂಟಿದ ಮರಳನ್ನು ಒರೆಸಿ ತೆಗೆದರೆ ಸಾಕು. ಗೋಡೆಗೆ ಇದು ಸಾಲದು, ಗೆರೆಗೆ ಧಾರಾಳ.

ಹೊರತಿರುವಿನಲ್ಲಿ ದಂಡೆ ಕೊರೆದು ಪದರ ಕಾಣ್ತಿರುತ್ತಲ್ಲ, ಅಲ್ಲಿ ಅಗೆಯಬೇಡಿ. ಮುಂದಿನ ಮಳೆಗೆ ದಂಡೆ ಇನ್ನಷ್ಟು ಜರಿಯುತ್ತೆ. ತಾನಾಗಿ ಕುಸಿದು ಕೆಳಗೆ ಬಿದ್ದದ್ದನ್ನು ತಗೊಳ್ಳಿ.

#4 ಗಂಜಿಪಾತ್ರೆ

ಈಗ ಅಂಟು. ಹಸಿ ಅಕ್ಕಿ ಹಿಟ್ಟು ಅಂಟಲ್ಲ, ಬರೀ ಬಿಳಿ ಪುಡಿ. ಅಕ್ಕಿಯ ಪಿಷ್ಟ ನೀರಲ್ಲಿ ಸುಮಾರು 70 ಡಿಗ್ರಿ ಕಾದ ಮೇಲೇ ಒಡೆದು ಅಂಟಾಗೋದು. ರುಬ್ಬಿದ ಹಸಿ ಅಕ್ಕಿಯನ್ನು ಬಣ್ಣ ಅಂತ ತಿಳೀರಿ, ಗಂಜಿಯನ್ನು ಅಂಟು ಅಂತ ತಿಳೀರಿ. ನಿಮ್ಮಲ್ಲಿ ಬಣ್ಣ ಇದೆ, ಅಂಟು ಇಲ್ಲ.

ಗಂಜಿಗೆ: 50 ಗ್ರಾಂ ಅಕ್ಕಿ ಹಿಟ್ಟು, 1 ಲೀಟರ್ ತಣ್ಣೀರು. ತಣ್ಣಗಿರುವಾಗಲೇ ಗಂಟಿಲ್ಲದೆ ಕಲಕಿ ಒಲೆ ಮೇಲಿಡಿ. ಬಿಳುಪು ಹೋಗಿ ಮಾಸಲು ಗಾಜಿನ ಹಾಗೆ ಆಗೋವರೆಗೆ 8–10 ನಿಮಿಷ ಕೈಬಿಡದೆ ತಿರುವಿ. ಆರಿಸಿ, ಬಟ್ಟೆಯಲ್ಲಿ ಸೋಸಿ. ಅವತ್ತಿನದ್ದು ಅವತ್ತಿಗೇ, ಮಾರನೇ ದಿನಕ್ಕೆ ಹುಳಿ ವಾಸನೆ ಬಂದು ನೀರೊಡೆಯುತ್ತೆ.

ಕೆಂಪಿಗೆ: ದೋಸೆ ಹಿಟ್ಟಿನ ಹದದ ಮಣ್ಣು 4 ಲೋಟ, ಗಂಜಿ 1 ಲೋಟ. ಮೊದಲು ಅಂಗೈ ಅಗಲ ಬಳಿದು ಒಣಗಿಸಿ ಹೆಬ್ಬೆರಳಲ್ಲಿ ಒತ್ತಿ ತಿಕ್ಕಿ. ಪುಡಿ ಬಂದರೆ ಗಂಜಿ ಕಾಲು ಲೋಟ ಜಾಸ್ತಿ ಮಾಡಿ. ಹೊಳಪು ಬಂದರೆ, ಅಂಚು ಸುರುಳಿಯಾದರೆ ಗಂಜಿ ಅತಿಯಾಯ್ತು. ಪಿಷ್ಟದ ಪೊರೆ ಒಣಗುತ್ತಾ ಕುಗ್ಗಿ ಕೆಳಗಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತೆ. ನಿಮ್ಮ ಬಿಳಿ ಗೆರೆ ಎರಡನೇ ಸಲಕ್ಕೆ ಹಕ್ಕಳೆ ಎದ್ದಿದ್ದೂ ಇದೇ ಜಾತಿ. ಪದರ ದಪ್ಪವಾಯ್ತು, ಕೆಳಗಿನ ಹಿಡಿತ ಸಾಲಲಿಲ್ಲ.

ಬಿಳಿಗೆ: 100 ಗ್ರಾಂ ಅಕ್ಕಿ ರಾತ್ರಿ ನೆನೆಸಿ, ಒರಳಲ್ಲಿ ನುಣ್ಣಗೆ ರುಬ್ಬಿ (ಮಿಕ್ಸಿಯಾದರೆ ಮೂರು ಸಲ, ನಡುವೆ ಆರಬೇಕು), ತೆಳು ಬಟ್ಟೆಯಲ್ಲಿ ಹಿಂಡಿ. 3–4 ಗಂಟೆ ಕೂರಿಸಿ ಮೇಲಿನ ನೀರು ಚೆಲ್ಲಿ. ಉಳಿದ ಹಿಟ್ಟು ಒಂದು ಲೋಟಕ್ಕೆ 2 ಚಮಚ ಗಂಜಿ. ಒದ್ದೆ ಇದ್ದಾಗ ಗೆರೆ ಕಾಣೋದೇ ಇಲ್ಲ, ನೀರು ಆರಿದ ಹಾಗೆ ಬೆಳ್ಳಗಾಗುತ್ತೆ. ಅರ್ಧ ಗಂಟೆ ತಾಳ್ಮೆ ಬೇಕು ಅಷ್ಟೇ. ಕಾಣಲಿಲ್ಲ ಅಂತ ಅದರ ಮೇಲೇ ಇನ್ನೊಂದು ಎಳೆಯೋದು ಕಲಿಯುವವರೆಲ್ಲ ಮಾಡೋ ತಪ್ಪು.

#5 ಪುಂಡಿನಾರು

ಗಂಜಿಪಾತ್ರೆಯವರೇ, ಒಪ್ಪೋದು ಕಷ್ಟ. ಈ ಚಿತ್ತಾರ ಬರೆಯೋ ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹಸೆಗೋಡೆ ಬರೆಯುವವರು ನೆನೆಸಿದ ಅಕ್ಕಿ ರುಬ್ಬಿ ಹಾಗೇ ಬರೀತಾರೆ. ಗಂಜಿ ಗಿಂಜಿ ಇಲ್ಲ. ಗೆರೆ ನಿಲ್ಲುತ್ತೆ.

#6 ಗಂಜಿಪಾತ್ರೆ

ನಿಲ್ಲುತ್ತೆ, ಅದು ಸುಳ್ಳಲ್ಲ. ಅಲ್ಲಿ ಕೆಳಗಿನ ನೆಲೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದದ್ದು, ಒರಟು, ನೀರು ಹೀರೋ ಗುಣದ್ದು. ತೆಳ್ಳಗೆ ಒಂದೇ ಸಲ ಎಳೆದ ಗೆರೆಯ ನೀರನ್ನು ಗೋಡೆ ಎಳೆದುಕೊಂಡು, ಕಣ ಸಂದಿಯಲ್ಲಿ ಕೂರುತ್ತೆ. ಮೇಲಾಗಿ ಮದುವೆಗೆ ಬರೆದ ಚಿತ್ತಾರ ವರ್ಷಗಟ್ಟಲೆ ಇರಲಿ ಅಂತ ಯಾರೂ ಬರೆಯಲ್ಲ, ಮುಂದಿನ ಸಲ ಸಾರಿಸಿ ಹೊಸದು ಬರೀತಾರೆ. ಇಲ್ಲಿ 12 ಬುಟ್ಟಿ ಮಕ್ಕಳ ಕೈಯಲ್ಲಿ ಓಡಾಡೋವು. ಅದಕ್ಕೆ ಎರಡು ಚಮಚ.

#7 ಪುಂಡಿನಾರು

ಹಾಗಾದರೆ ಸರಿ. ಗೋಡೆಗೆ ಬೇಡ, ಬುಟ್ಟಿಗೆ ಹಾಕಿ.

ಕುಂಚದ ವಿಷಯಕ್ಕೆ ಬರ್ತೇನೆ. ಅಂಗಡಿ ಬ್ರಷ್ಷಲ್ಲಿ ಎಳೆ ಬರಲ್ಲ, ಅದರ ಕೂದಲು ಗಿಡ್ಡ, ಬಣ್ಣ ಬೇಗ ಮುಗಿದು ಗೆರೆ ನಡುವೆ ತುಂಡಾಗುತ್ತೆ. ಪುಂಡಿ ಗಿಡದ ಕಾಂಡವನ್ನು ನಿಂತ ನೀರಲ್ಲಿ 10–14 ದಿನ ಕೊಳೆಹಾಕಿ, ಸಿಪ್ಪೆ ತಾನಾಗಿ ಜಾರುವ ಹದಕ್ಕೆ ನಾರು ಬಿಡಿಸಿ ತೊಳೆದು ನೆರಳಲ್ಲಿ ಒಣಗಿಸಿ. ಹದ ಮೀರಿದರೆ ನಾರು ಎಳೆದಲ್ಲಿ ಕಡಿಯುತ್ತೆ, ಎಂಟನೇ ದಿನದಿಂದ ದಿನಾ ಒಂದು ಕಾಂಡ ತೆಗೆದು ನೋಡ್ತಿರಿ. ಇದನ್ನು ಹರಿಯೋ ಹಳ್ಳದಲ್ಲಿ ಮಾಡಬೇಡಿ. ಕೊಳೆತ ನೀರಲ್ಲಿ ಉಸಿರುಗಾಳಿ ಕಡಿಮೆಯಾಗಿ ಮೀನು ಸಾಯ್ತವೆ. ತೊಟ್ಟಿ ಅಥವಾ ಡ್ರಮ್ ಸಾಕು, ಆ ನೀರು ಬಾಳೆ ಬುಡಕ್ಕೆ.

8–10 ನಾರಿನ ಕಟ್ಟು ತೆಳು ಗೆರೆಗೆ, 20ರದ್ದು ದಪ್ಪಕ್ಕೆ. ತುದಿ ಕಲ್ಲ ಮೇಲೆ ಜಜ್ಜಿ ಬಿಡಿಸಿ. ಮುಖ್ಯವಾದದ್ದು ಹಿಡಿಯೋ ರೀತಿ. ಪೆನ್ನಿನ ಹಾಗೆ ಕುತ್ತಬೇಡಿ, ನಾರನ್ನು ಗೋಡೆಗೆ ಒರಗಿಸಿ ನಿಮ್ಮ ಕಡೆಗೆ ಎಳೆಯಿರಿ. ಉದ್ದ ಗೆರೆಗೆ ಹತ್ತಿ ದಾರವನ್ನು ಬಿಳಿಯಲ್ಲಿ ಅದ್ದಿ, ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿದು, ಬಡಗಿಗಳು ಮಾಡುವ ಹಾಗೆ ಮಿಡಿದರೆ ತೆಳು ಗುರುತು ಬೀಳುತ್ತೆ. ಅದರ ಮೇಲೆ ಕುಂಚದಿಂದ ಎಳೆಯಿರಿ. ದಾರದಲ್ಲಿ ಬಣ್ಣ ತೊಟ್ಟಿಕ್ಕುತ್ತಿದ್ದರೆ ಗೋಡೆಯೆಲ್ಲ ಚುಕ್ಕಿ, ಎರಡು ಬೆರಳಲ್ಲಿ ಒಮ್ಮೆ ಹಿಂಡಿ ತೆಗೆಯಿರಿ.

#8 ಎರೆಹೊಲ

ಬುಟ್ಟಿ ಬಿರುಕ ಬಿಟ್ಟದ್ದಕ್ಕ ಯಾರೂ ಹೇಳಲಿಲ್ಲ. ಅದು ಮಣ್ಣು ಕುಗ್ಗೋ ಪ್ರಶ್ನೆರಿ. ಲೆಕ್ಕಾ ಇಷ್ಟ ಅದ: ಗಾರಿ ಕಲಸಿ 12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಪಟ್ಟಿ ಮಾಡ್ರಿ. ಹಸಿ ಇದ್ದಾಗನ ಮ್ಯಾಲೆ ಬರೋಬ್ಬರಿ 10 ಸೆಂ.ಮೀ. ಗೆರಿ ಕೊರೀರಿ. ನೆರಳಾಗ ಪೂರ್ತಿ ಒಣಗಿದ ಮ್ಯಾಲೆ ಅಳೀರಿ. 9.6 ಬಂತಂದ್ರ ಸೇಕಡಾ 4 ಕುಗ್ಗೇದ, ನಡೀತದ. 9.4 ಬಂತಂದ್ರ ಬುಟ್ಟಿ ಮ್ಯಾಲೆ ಬಿರುಕ ಗ್ಯಾರಂಟಿ, ಉಸುಕು ಹಾಕ್ರಿ. ಬಿದಿರು ಕುಗ್ಗಂಗಿಲ್ಲ, ಮಣ್ಣು ಕುಗ್ಗತದ, ನಡುವ ಹರೀತದ.

ಮತ್ತ ಇದನ್ನ ಓದಿ ನಮ್ಮ ಧಾರವಾಡ, ಗದಗ ಕಡೆ ಮಂದಿ ಎರಿ ಮಣ್ಣು ತಗೊಂಡ ಮಾಡಾಕ ಹೋಗಬ್ಯಾಡ್ರಿ. ನೀರ ಕುಡದ ಉಬ್ಬತದ, ಒಣಗಿದ ಮ್ಯಾಲೆ ಕೈ ತೂರಿಸುವಷ್ಟು ಬಾಯಿ ಬಿಡತದ. ಹೊಲದಾಗ ನೋಡೀರಲ್ಲ.

#9 ಹಳ್ಳದಂಚು

ಹಾಗಾದರೆ ಬುಟ್ಟಿ ಗಾರೆಯ ಅಳತೆ ಹೇಳಿ. ತೊಳೆದ ನುಣ್ಣನೆ ಮಣ್ಣನ್ನೇ ಬಳಸೋದಾ?

#10 ಬಗ್ಗಡ_ತಿಳಿ

ಬೇಡ ಬೇಡ. ನುಣ್ಣನೆಯದು ಹೆಚ್ಚು ಕುಗ್ಗುತ್ತೆ, ಅದು ಮೇಲಿನ ಬಣ್ಣಕ್ಕೆ ಮಾತ್ರ. ಒಳಗಿನ ಪದರಕ್ಕೆ ಸೋಸದ ಮಣ್ಣು 2 ಬುಟ್ಟಿ, ಹಸಿ ಸಗಣಿ 1 ಬುಟ್ಟಿ, ಜೊತೆಗೆ ಮೊದಲ ಬಕೆಟ್ಟಿನ ತಳದ ಮರಳು. ಎಷ್ಟು ಮರಳು ಅನ್ನೋದನ್ನು ಎರೆಹೊಲ ಅವರ ಪಟ್ಟಿ ಹೇಳುತ್ತೆ, ಅರ್ಧ ಬುಟ್ಟಿಯಿಂದ ಶುರುಮಾಡಿ. ಕಲಸಿ ಗೋಣಿ ಮುಚ್ಚಿ ಎರಡು ದಿನ ಕಳಿಯಲು ಬಿಡಿ. ಸಗಣಿಯ ಹುಲ್ಲಿನ ನಾರು ಬಿರುಕನ್ನು ತಡೆ ಹಿಡಿಯುತ್ತೆ.

ಬುಟ್ಟಿಯನ್ನು ಒದ್ದೆ ಮಾಡಿಕೊಂಡು ಬಳಿಯಿರಿ. ಒಣ ಬಿದಿರು ಗಾರೆಯ ನೀರನ್ನು ಗಬಕ್ಕನೆ ಎಳೆದು ಪದರ ಕಳಚುತ್ತೆ. ಮೊದಲ ಸಲ ಸಂದು ಮುಚ್ಚುವಷ್ಟು, ಒಂದು ದಿನ ಬಿಟ್ಟು ಎರಡನೆಯದು ತೆಳ್ಳಗೆ. ನೆರಳಲ್ಲೇ ಒಣಗಲಿ. ಕೂದಲೆಳೆ ಬಿರುಕು ಬಂದರೆ ಒದ್ದೆ ಕೈಯಲ್ಲಿ ಒತ್ತಿ ತಿಕ್ಕಿದರೆ ಮುಚ್ಚುತ್ತೆ. ಆಮೇಲೆ ತೊಳೆದ ಕೆಮ್ಮಣ್ಣು ಎರಡು ಕೈ.

#11 ಕಾವಿಕಲ್ಲು

ಹಳದಿಗೆ ಏನು ಮಾಡ್ತೀರಿ ಮಾರಾಯ್ರೆ? ಚಿತ್ತಾರದಲ್ಲಿ ಗುರಿಗೆ ಬೀಜದ ಹಳದಿ ಉಂಟು, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಅರಿಶಿನ ಹಾಕಿದರೆ ಬಿಸಿಲಿಗೆ ನಾಲ್ಕು ದಿನದಲ್ಲಿ ಮಾಯ, ಸುಣ್ಣದ ಗೋಡೆ ಮೇಲಾದರೆ ಕೂಡಲೇ ಕೆಂಪು. ಹಳ್ಳದಲ್ಲೇ ಹುಡುಕಿ. ಒರತೆ ಬರುವ ಜಾಗದಲ್ಲಿ, ಗದ್ದೆಯ ನೀರು ಬಸಿದು ಹಳ್ಳ ಸೇರುವ ಬಾಯಲ್ಲಿ ಕಿತ್ತಳೆ ಬಣ್ಣದ ಲೋಳೆ ಇರುತ್ತದಲ್ಲ, ಅದು ಕಬ್ಬಿಣ. ನೆಲದೊಳಗಿನ ನೀರಲ್ಲಿ ಕರಗಿದ ಕಬ್ಬಿಣ ಗಾಳಿಗೆ ಬಂದಾಗ, ಅದರಿಂದಲೇ ಬದುಕುವ ಬ್ಯಾಕ್ಟೀರಿಯಾ ಅದನ್ನು ತುಕ್ಕು ಮಾಡಿ ಕೂರಿಸುತ್ತವೆ. ನೀರ ಮೇಲೆ ಎಣ್ಣೆಯ ಹಾಗೆ ಬಣ್ಣದ ಪೊರೆಯೂ ಇರಬಹುದು. ಕಡ್ಡಿಯಿಂದ ಮುಟ್ಟಿ. ಗಾಜಿನ ಹಾಗೆ ತುಂಡು ತುಂಡಾಗಿ ದೂರ ಹೋದರೆ ಕಬ್ಬಿಣದ ಪೊರೆ, ಮತ್ತೆ ಬಂದು ಕೂಡಿಕೊಂಡರೆ ಪಂಪಿನ ಡೀಸೆಲ್ಲು, ಆ ಜಾಗ ಬಿಡಿ.

ಲೋಳೆಯನ್ನು ಲೋಟದಲ್ಲಿ ಮೆಲ್ಲಗೆ ಮೊಗೆದು ಬಟ್ಟೆಯಲ್ಲಿ ಬಸಿಯಿರಿ. ಬಕೆಟ್ ತುಂಬ ತಂದರೂ ಒಣಗಿದಾಗ ಸಿಗುವುದು ಮುಷ್ಟಿಯಷ್ಟು. ಆದರೆ ನುಣುಪು ಅಂದರೆ ನುಣುಪು, ಅರೆಯುವ ಕೆಲಸವೇ ಇಲ್ಲ.

ಹಳದಿ ಮಣ್ಣು ಸಿಕ್ಕಿದರೆ ಅದರಿಂದಲೇ ನಾಲ್ಕು ಬಣ್ಣ ಮಾಡಬಹುದು. ಹಳದಿಯಲ್ಲಿ ಕಬ್ಬಿಣದ ಜೊತೆ ನೀರು ಸೇರಿಕೊಂಡಿರುತ್ತದೆ, 250–350 ಡಿಗ್ರಿ ಕಾಯಿಸಿದರೆ ನೀರು ಹೋಗಿ ಕೆಂಪಾಗುತ್ತದೆ. ಪೂರ್ತಿ ಒಣಗಿದ ಪುಡಿಯನ್ನು ಒಡೆದ ಹಂಚಿನ ಮೇಲೆ 3–4 ಮಿ.ಮೀ. ದಪ್ಪಕ್ಕೆ ಹರಡಿ ಕಟ್ಟಿಗೆ ಬೆಂಕಿಯಲ್ಲಿ ಕೆದಕುತ್ತಾ 20–30 ನಿಮಿಷ. ಬಿಸಿ ಇರುವಾಗ ಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಆಗ ನೋಡಿ ಇಳಿಸಿದರೆ ಮೋಸ ಹೋಗ್ತೀರಿ. ಐದೈದು ನಿಮಿಷಕ್ಕೆ ಒಂದು ಚಿಟಿಕೆ ತೆಗೆದು ಕಲ್ಲ ಮೇಲೆ ಆರಿಸಿ ಸಾಲಾಗಿ ಇಡಿ. ಹಳದಿ, ಕಿತ್ತಳೆ, ಇಟ್ಟಿಗೆ, ಕಡುಕೆಂಪು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ. ಒಂದು ಎಚ್ಚರಿಕೆ: ಹಳ್ಳದ ಬೆಣಚುಕಲ್ಲನ್ನು ಒಲೆಗೆ ಆನಿಸಬೇಡಿ. ಒಳಗೆ ನೀರು ಕುಡಿದಿರುತ್ತದೆ, ಆವಿಯಾಗಿ ಸಿಡಿದರೆ ಕಣ್ಣಿಗೇ ಬರುವುದು.

ಹೇಳಿದ ಮೇಲೆ ನಮ್ಮ ಕರಾವಳಿಯದ್ದನ್ನೂ ಹೇಳ್ತೇನೆ. ಕಾವಿ ಕಲೆಯಲ್ಲಿ ಗಂಜಿಯೂ ಇಲ್ಲ, ಗೋಂದೂ ಇಲ್ಲ. ಚಿಪ್ಪಿನ ಸುಣ್ಣ, ಮರಳು, ಬೆಲ್ಲ ಹಾಕಿ ಕುಟ್ಟಿ ಹದ ಮಾಡಿದ ಗಾರೆ ಹಸಿ ಇರುವಾಗಲೇ ಕೆಮ್ಮಣ್ಣಿನ ಪದರ ಕೊಟ್ಟು, ಮೊನೆಯಿಂದ ಕೆರೆದು ಒಳಗಿನ ಬಿಳಿ ಕಾಣಿಸುವುದು. ಸುಣ್ಣ ಗಾಳಿಗೆ ಕಲ್ಲಾಗುತ್ತಾ ಕೆಂಪನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಮಕ್ಕಳ ಕೆಲಸಕ್ಕೆ ಇದು ಬೇಡ, ಹಸಿ ಸುಣ್ಣ ಕಣ್ಣಿಗೆ ಅಪಾಯ.

#12 ಬಗ್ಗಡ_ತಿಳಿ

ಹಳದಿಯ ಮಾತಿಗೆ ಒಂದು ಸೇರಿಸ್ತೇನೆ. ಮಡುವಿನ ತಳದಲ್ಲಿ, ಗದ್ದೆ ಅಂಚಲ್ಲಿ ನೀಲಿ-ಬೂದು ಜೇಡಿ ಸಿಕ್ಕಿದರೆ ನೀಲಿ ಬಣ್ಣ ಸಿಕ್ಕಿತು ಅಂತ ಹಿಗ್ಗಬೇಡಿ. ಗಾಳಿ ಇಲ್ಲದೆ ಕಬ್ಬಿಣ ಆ ಬಣ್ಣದಲ್ಲಿರುತ್ತೆ. ಬಿಸಿಲಿಗೆ ಹರಡಿ, ಕಂದು-ಹಳದಿಗೆ ತಿರುಗಿಬಿಡುತ್ತೆ.

#13 ಅಳಲೆ

ಕಪ್ಪಿಗೆ ಎರಡು ದಾರಿ.

ಸುಟ್ಟ ಅಕ್ಕಿ ಚಿತ್ತಾರದವರ ದಾರಿ. ಕಬ್ಬಿಣದ ಬಾಣಲೆಯಲ್ಲಿ ಹೊಗೆ ಎದ್ದು ಕರ್ರಗಾಗೋವರೆಗೆ ಹುರಿದು, ಒಂದು ಕಾಳು ಮುರಿದು ನೋಡಿ. ಒಳಗೆ ಕಂದು ಇದ್ದರೆ ಬಣ್ಣವೂ ಕಂದೇ. ಬೂದಿಯಾಗೋ ಮೊದಲು ನೀರು ಹಾಕಿ ಮುಚ್ಚಿ. ರಾತ್ರಿ ನೆನೆಸಿ ನುಣ್ಣಗೆ ಅರೆದು ಸ್ವಲ್ಪ ಗಟ್ಟಿಯಾಗೋವರೆಗೆ ಕುದಿಸಿ.

ಇನ್ನೊಂದು ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ನೀರು. ಮಲೆನಾಡಲ್ಲಿ ಬೇಕಾದಷ್ಟು. ಬಟ್ಟೆಗೆ ಬಣ್ಣ ಹಾಕೋಕೂ ಬಳಸ್ತಾರೆ. ಬೇರೆ ಪಾತ್ರೆಯಲ್ಲಿ ತುಕ್ಕು ಮೊಳೆ ಒಂದು ಹಿಡಿ, ಬೆಲ್ಲ 100 ಗ್ರಾಂ, ನೀರು 1 ಲೀಟರ್ ಹಾಕಿ 10–15 ದಿನ ಇಡಿ. ಬಿರಡೆ ಬಿಗಿ ಮಾಡಬೇಡಿ, ಗಾಳಿ ಕಟ್ಟುತ್ತೆ. ಚೊಗರಲ್ಲಿ ಬರೆದು, ಒಣಗಿದ ಮೇಲೆ ಈ ಕಬ್ಬಿಣದ ನೀರನ್ನು ಅದರ ಮೇಲೆ ಎಳೆದರೆ ನಿಮಿಷಗಳಲ್ಲಿ ಬೂದು, ಆಮೇಲೆ ಕಪ್ಪು. ಚೊಗರಿಲ್ಲದಿದ್ದರೆ ಅಳಲೆಕಾಯಿ ಸಿಪ್ಪೆ ಕುದಿಸಿದ ನೀರು. ಸುಣ್ಣ ಬಳಿದ ಗೋಡೆಯಲ್ಲಿ ಇದು ನಡೆಯಲ್ಲ, ಕಬ್ಬಿಣ ತುಕ್ಕಾಗಿ ಕೂತು ಕಿತ್ತಳೆ ಕಲೆ ಆಗುತ್ತೆ. ಅಡಿಕೆ ಹಾಳೆ ಮೇಲೆ ಚೆನ್ನ. ಹಾಳೆಯನ್ನು ಅರ್ಧ ಗಂಟೆ ನೆನೆಸಿ, ಚಪ್ಪಟೆ ಕಲ್ಲಿನಡಿ ಎರಡು ದಿನ ಒತ್ತಿ, ಒಳಮೈಯನ್ನು ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜಿ. ಉಜ್ಜದಿದ್ದರೆ ಮೇಣದ ಹೊಳಪಿಗೆ ಬಣ್ಣ ಜಾರುತ್ತೆ.

ಚೊಗರು, ಕಬ್ಬಿಣದ ನೀರು ಯಾವುದನ್ನೂ ಹಳ್ಳಕ್ಕೆ ಚೆಲ್ಲಬೇಡಿ. ಸಣ್ಣ ಹಳ್ಳದ ಮೀನು, ಏಡಿಗೆ ಅಷ್ಟೇ ಸಾಕು. ಗುಂಡಿ ತೆಗೆದು ಇಂಗಿಸಿ. ಬೂಷ್ಟು ಬರದ ಹಾಗೆ ಗಂಜಿಗೆ ಮೈಲುತುತ್ತ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮಕ್ಕಳ ಕೈ ಇದೆ. ಲವಂಗದ ಎಣ್ಣೆ ಲೀಟರಿಗೆ 4–5 ಹನಿ ಸಾಕು. ಅಂದ ಹಾಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯೋ ಡ್ರಮ್ ಎಲ್ಲಿ ತೊಳೀತಾರೆ ನೋಡಿ, ಅದರ ಕೆಳಗಿನ ಮಣ್ಣು ತಗೋಬೇಡಿ.

#14 ತೇಲುಎಲೆ

ಹಳ್ಳದೊಳಗಿನ ಕೆಲಸ ನಾನು ಹೇಳ್ತೇನೆ. ಬಣ್ಣದ ಮಾತಲ್ಲಿ ಅದು ಮುಳುಗೇ ಹೋಯ್ತು.

ಮೊದಲು ನೀರಿನ ವೇಗ. 5 ಮೀಟರ್ ಅಳೆದು ಒಂದು ಎಲೆ ಬಿಡಿ. ದಾಟೋಕೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಎಲೆ ಸರ ನಿಲ್ಲುತ್ತೆ. ಕಡಿಮೆಯಾದರೆ ಆ ಜಾಗ ಬಿಟ್ಟು ಮಡುವಿನ ಬಾಲಕ್ಕೆ ಹೋಗಿ. ನೀರು ಮಕ್ಕಳ ಮೊಣಕಾಲು ಮುಟ್ಟಬಾರದು.

ಎಲೆ ಸರಕ್ಕೆ ಊಟದ ಎಲೆ ಹಚ್ಚೋ ವಿದ್ಯೆಯೇ ಸಾಕು. ಬಿದಿರಿನ ಸಣ್ಣ ಕಡ್ಡಿ, ಎರಡು ಎಲೆ 2 ಸೆಂ.ಮೀ. ಒಂದರ ಮೇಲೊಂದು, ಕಡ್ಡಿ ಒಳಗೆ ಹೊಕ್ಕು ಹೊರಗೆ ಬಂದು ಮುರಿದುಕೊಳ್ಳಬೇಕು. ಬಿದ್ದ ಹಲಸಿನ ಹಳದಿ ಎಲೆ, ಕಾಡುಬಾದಾಮಿಯ ಕೆಂಪು ಎಲೆ ಒಂದಾದ ಮೇಲೊಂದು ಹಚ್ಚಿದರೆ 3 ಮೀಟರ್ ಸರಕ್ಕೆ 25ರಿಂದ 30 ಎಲೆ ಹಿಡಿಯುತ್ತೆ. ಮೇಣದ ಮೈ ಮೇಲಿರಲಿ. ಒಂದು ತುದಿಯನ್ನು ಮಾತ್ರ ಬೇರಿಗೆ ಬಾಳೆ ಪಟ್ಟೆಯಲ್ಲಿ ಕಟ್ಟಿ, ಇನ್ನೊಂದು ಬಿಡಿ. ಹಾವಿನ ಹಾಗೆ ಆಡ್ತಾ ಇರುತ್ತೆ. ಎರಡೂ ತುದಿ ಕಟ್ಟಿದರೆ ನಡು ಬಿಲ್ಲಾಗಿ ಹರಿಯುತ್ತೆ. ನೈಲಾನ್ ದಾರ, ಪಿನ್ನು, ಥರ್ಮೋಕೋಲ್ ಇದರೊಳಗೆ ಬರಕೂಡದು.

ದೊಡ್ಡ ಬಂಡೆಯ ಒಣ ಮೈ ಮೇಲೆ ಸೋಸಿದ ಮಣ್ಣಲ್ಲಿ ಗೆರೆ ಎಳೆಸಿ. ಗಂಜಿ ಬೆರೆಸದೆ, ಬರೀ ಮಣ್ಣು ನೀರು. ಮುಂದಿನ ಮಳೆಗೆ ತೊಳೆದು ಹೋಗುತ್ತೆ, ಹೋಗಬೇಕಾದ್ದೇ.

ಕಲ್ಲು ಪೇರಿಸೋದು ಮಾತ್ರ ಬೇಡ. ಚಿತ್ರಕ್ಕೆ ಚೆಂದ ನಿಜ. ಆದರೆ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳು ಮಳೆ ಇಳಿದು ಹಳ್ಳ ಸಣ್ಣಗಾಗೋ ಹೊತ್ತಿಗೇ ಮೊಟ್ಟೆ ಇಡೋದು, ಅದೂ ತಳದ ಜಲ್ಲಿಯೊಳಗೆ. ಅವುಗಳ ಗೊದಮೊಟ್ಟೆಯೂ ಜಲ್ಲಿಯಲ್ಲಿ ಹುದುಗಿಯೇ ಬೆಳೆಯೋದು. ನೀವು ಎತ್ತಿದ ಕಲ್ಲಿನಡಿ ಏನಿದೆ ಅಂತ ಕಾಣಲ್ಲ. ಕೊಟ್ಟಿಗೆಹಾರದ ಹೆಸರಿನ ಕುಣಿಯುವ ಕಪ್ಪೆಗೆ ಅಳಿವಿನ ಭೀತಿ ಇದೆ.

ಮಣ್ಣಿನ ಕೆಲಸಕ್ಕೆ ನಮಗಿಂತ ಹಳಬ ಒಬ್ಬನಿದ್ದಾನೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ, 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ. ಗಂಡು ಕಪ್ಪೆ ಹಳ್ಳದ ಮಣ್ಣನ್ನು ಮುಂಗಾಲಲ್ಲಿ ತಂದು, ಕಡ್ಡಿಗೆ ಅಂಟಿಸಿದ ಮೊಟ್ಟೆಗಳ ಮೇಲೆ ಮೆತ್ತುತ್ತೆ. ನೀರಿಗೆ ಬಾಗಿದ ಕಡ್ಡಿ ಮೇಲೆ ಮಣ್ಣು ಮೆತ್ತಿದ ಹಾಗೆ ಕಂಡರೆ ಆ ಕಡ್ಡಿ ಮುರಿಯಬೇಡಿ.

#15 ದರಗು

ತೇಲುಎಲೆ ಹೇಳಿದ್ದಕ್ಕೆ ಬಾಲಂಗೋಚಿ. ಹಳ್ಳದಂಚಲ್ಲಿ ಹೊಳಗೇರು ಮರ ಇದ್ದೇ ಇರುತ್ತೆ. ಅದರ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತೆ. ಎಲೆ ಆರಿಸೋ ಮೊದಲು ಮರ ಗೊತ್ತಿದ್ದವರೊಬ್ಬರು ಮುಂದೆ ಹೋಗಲಿ. ನಸುಗುನ್ನಿ ಕಾಯಿಯೂ ಹಾಗೇ.

ಇದೇ ಕೆಲಸವನ್ನು ಬೇಸಿಗೆ ಶಿಬಿರದಲ್ಲಿ ಮಾಡ್ತೇವೆ ಅನ್ನೋರು ಇನ್ನೊಮ್ಮೆ ಯೋಚಿಸಿ. ಡಿಸೆಂಬರಿನಿಂದ ಮೇವರೆಗೆ ಕಾಡಿನ ದರಗಲ್ಲಿ (ಉದುರಿದ ಒಣ ಎಲೆಯಲ್ಲಿ) ಉಣುಗು ಇರುತ್ತೆ. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದರಗಿನಲ್ಲಿ ಕೂತು ಎಲೆ ಹಚ್ಚೋದು ಅಂದರೆ ಉಣುಗಿಗೆ ಹಾಸಿಗೆ ಹಾಸಿ ಕೊಟ್ಟ ಹಾಗೆ. ಆಗ ಮನೆ ಅಂಗಳದ ಮರದ ಎಲೆ ಸಾಕು. ಕಾಡಿಗೆ ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ.

ಅಕ್ಟೋಬರಿನಲ್ಲಿ ಮೇಲ್ಗಡೆ ಗುಡ್ಡದಲ್ಲಿ ಗುಡುಗಿದರೆ, ತಿಳಿ ನೀರು ಇದ್ದಕ್ಕಿದ್ದಂತೆ ಕದಡಿ ಕಸ ತೇಲಿಬಂದರೆ ಎಲ್ಲರನ್ನೂ ದಂಡೆ ಹತ್ತಿಸಿ. ಸರ, ಕುಂಚ ಅಂತ ಹಿಂದೆ ತಿರುಗೋದು ಬೇಡ. ಕಾಲಿಗೆ ಗಾಯ ಇದ್ದ ಮಕ್ಕಳನ್ನು ನೀರಿಗೆ ಇಳಿಸಬೇಡಿ, ಇಲಿಜ್ವರದ ಭಯ.

#16 ಕಾವಿಕಲ್ಲು

ಮತ್ತೆ ಅಭಯಾರಣ್ಯದ ಒಳಗಿನ ಹಳ್ಳವಾದರೆ ಎಲೆ, ಮಣ್ಣು ಏನನ್ನೂ ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ. ಇವರದ್ದು ತೋಟದ ಕೆಳಗಿನದ್ದು, ತೊಂದರೆ ಇಲ್ಲ ಅಂತ ಕಾಣ್ತದೆ.

#17 ಹಳ್ಳದಂಚು

ಎಲ್ಲರಿಗೂ ನಮಸ್ಕಾರ. ಪರೀಕ್ಷೆಯ ಲೆಕ್ಕ ಹಾಕ್ತಿದ್ದೇನೆ, ಮುಂದೆ ಹುಡುಕಿ ಬರೋರಿಗೆ ಬೇಕಾಗಬಹುದು.

2 ಕೆ.ಜಿ. ಮಣ್ಣಲ್ಲಿ ಮೂರನೇ ಬಕೆಟ್ಟಿನ ನುಣ್ಣನೆ ಮಾಲು ಒಣಗಿದ ಮೇಲೆ 410 ಗ್ರಾಂ. ಪಟ್ಟಿ: ಮರಳಿಲ್ಲದ ಗಾರೆ 10ಕ್ಕೆ 9.3, ಅರ್ಧ ಬುಟ್ಟಿ ಮರಳಿಗೆ 9.5, ಮುಕ್ಕಾಲಿಗೆ 9.6. ಮುಕ್ಕಾಲಕ್ಕೇ ನಿಲ್ಲಿಸಿದ್ದು. ಕೆಂಪಿಗೆ 4:1 ಗಂಜಿ, ಹೆಬ್ಬೆರಳಿಗೆ ಬರ್ತಿಲ್ಲ. ಬಿಳಿ ಗೆರೆ ಅರ್ಧ ಗಂಟೆಗೆ ಬೆಳ್ಳಗಾಯ್ತು.

ಒಂದೇ ಉಳಿದದ್ದು. ಗೋಡೆಯ ಕೆಳಗಿನ ಒಂದಡಿಯಲ್ಲಿ ಕೆಂಪು ಎರಡು ದಿನವಾದರೂ ಒಣಗದೆ ಮಚ್ಚೆ ಮಚ್ಚೆಯಾಗಿದೆ. ಮೇಲಿನದೆಲ್ಲ ಸರಿ.

#18 ಎರೆಹೊಲ

ಅದು ಬಣ್ಣದ ತಪ್ಪಲ್ಲರಿ, ನೆಲದ ತೇವ ಮ್ಯಾಲೆ ಏರಾಕತ್ತೇದ. ಗೋಡಿ ಬುಡದಾಗ ಹೊರಗ ಒಂದು ಗೇಣು ಆಳ ಕಾಲುವಿ ತೋಡಿ ನೀರು ಹೊರಗ ಬಿಡ್ರಿ. ಆ ಒಂದಡಿಗೆ ಗಂಜಿ ಹಾಕಿದ್ದನ್ನ ಬಳಿಯಬ್ಯಾಡ್ರಿ, ತೇವಕ್ಕ ಬೂಷ್ಟು ಹಿಡೀತದ.

#19 ಪುಂಡಿನಾರು

ಚಿತ್ತಾರವನ್ನು ಆ ಒಂದಡಿ ಬಿಟ್ಟು ಮೇಲಿಂದ ಶುರುಮಾಡಿ. ಕೆಳಗೆ ಬರೀ ಸಗಣಿ-ಕೆಮ್ಮಣ್ಣಿನ ಪಟ್ಟಿ ಇರಲಿ, ಚೌಕಟ್ಟಿನ ಹಾಗೆ ಕಾಣುತ್ತೆ. ಹಾಳಾದಾಗ ಅಷ್ಟನ್ನೇ ಸಾರಿಸಿದರಾಯ್ತು.